ಸ್ಟೀರಿಂಗ್ ತಿರುಗಿಸಲು ನೆರವು ಯಾರದು?

ಮಕ್ಕಳೇ, ನಮ್ಮ ಜಿಲ್ಲೆಯ ನಂದಿಬೆಟ್ಟದ ರಸ್ತೆಯಲ್ಲಿ ಕಡಿದಾದ ತಿರುವುಗಳಿವೆ. ಅಲ್ಲಿ ಚಾಲಕರು ಭಾರವಾದ ಕಾರನ್ನು ಸುಲಭವಾಗಿ ತಿರುಗಿಸುತ್ತಾರೆ. ಹೇಗೆ? ಅವರ ಕೈಬಲದ ಜೊತೆಗೆ ಇನ್ನೊಂದು ಬಲ ಸೇರುತ್ತದೆ. ಇದೇ ಪವರ್ ಸ್ಟೀರಿಂಗ್. ಇದರಲ್ಲಿ ಮುಖ್ಯವಾಗಿ ಎರಡು ಬಗೆ.

ಹೈಡ್ರಾಲಿಕ್ ಸ್ಟೀರಿಂಗ್: ಎಂಜಿನ್ ಬೆಲ್ಟಿನ ಮೂಲಕ ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತಡದಿಂದ ತಳ್ಳುತ್ತದೆ. ಎಣ್ಣೆಯು ಪಿಸ್ಟನ್ನನ್ನು ನೂಕಿ, ಮುಂದಿನ ಚಕ್ರಗಳು ಹೊರಳಲು ನೆರವಾಗುತ್ತದೆ. ಕಾರು ನೇರವಾಗಿ ಹೋಗುವಾಗಲೂ ಪಂಪು ತಿರುಗುತ್ತಲೇ ಇರುತ್ತದೆ. ಅದಕ್ಕೂ ಇಂಧನ ಬೇಕು. 1951ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಇಂತಹ ಕಾರನ್ನು ಮಾರಾಟಕ್ಕೆ ತಂದಿತು.

ವಿದ್ಯುತ್ ಸ್ಟೀರಿಂಗ್: ಇದರಲ್ಲಿ ಎಣ್ಣೆಯ ಪಂಪು ಇಲ್ಲ. ಕೈ ಎಷ್ಟು ಬಲ ಹಾಕುತ್ತಿದೆ ಎಂಬುದನ್ನು ಒಂದು ಸಂವೇದಕ ಅಳೆಯುತ್ತದೆ. ಪುಟ್ಟ ಕಂಪ್ಯೂಟರು ಲೆಕ್ಕ ಹಾಕಿ ಮೋಟಾರಿಗೆ ವಿದ್ಯುತ್ ಕೊಡುತ್ತದೆ. ಬೇಕಾದಾಗ ಮಾತ್ರ ಮೋಟಾರು ನೆರವಾಗುವುದರಿಂದ ಇಂಧನ ಉಳಿಯುತ್ತದೆ. 1988ರಲ್ಲಿ ಜಪಾನಿನ ಸುಜುಕಿ ಕಂಪನಿಯ ಸರ್ವೊ ಕಾರಿನಲ್ಲಿ ಇದು ಬಂದಿತು.

ಎಚ್ಚರಿಕೆ: ಇಂಧನ ಉಳಿಸಲೆಂದು ಕೆಲವರು ಇಳಿಜಾರಿನಲ್ಲಿ ಕೀ ತಿರುಗಿಸಿ ಎಂಜಿನ್ ಆಫ್ ಮಾಡುತ್ತಾರೆ. ಆಗ ಎರಡೂ ಬಗೆಯಲ್ಲಿ ನೆರವು ನಿಂತು ಸ್ಟೀರಿಂಗ್ ಬಿಗಿಯಾಗುತ್ತದೆ. ಬ್ರೇಕಿಗೆ ಸಿಗುವ ನೆರವೂ ಕಡಿಮೆಯಾಗುತ್ತದೆ. ಇದು ಬಹಳ ಅಪಾಯಕಾರಿ. ನಿಮ್ಮ ಮನೆಯವರಿಗೂ ತಿಳಿಸಿ.

ಯೋಚಿಸಿ: ಚಲಿಸುವ ಕಾರಿಗಿಂತ ನಿಂತ ಕಾರಿನ ಸ್ಟೀರಿಂಗ್ ತಿರುಗಿಸಲು ಹೆಚ್ಚು ಬಲ ಬೇಕು. ಏಕೆ? (ಸುಳಿವು: ಟೈರು ಮತ್ತು ನೆಲದ ನಡುವಿನ ಘರ್ಷಣೆ.)