ಬಟ್ಟೆ ಬಣ್ಣ ಹಿಡಿಯುವುದು ಹೇಗೆ? – ತಮ್ಮನ ಮಗಳಿಗೊಂದು ಕಾಗದ

ಚಿ. ಮಗಳೇ,

ಮಾಟುಂಗಾದ ರಸಾಯನ ತಂತ್ರಜ್ಞಾನ ಸಂಸ್ಥೆಯ ಬಟ್ಟೆ-ಬಣ್ಣದ ವಿಭಾಗದ ಸೀಟು ಬೇಡ, ಕೆಮಿಸ್ಟ್ರಿ ಬರೀ ಬಾಯಿಪಾಠ, ಪನ್ವೇಲಿನ ಕಂಪ್ಯೂಟರ್ ಕೋರ್ಸೇ ಆಗಲಿ ಎಂದು ನೀನು ಹಟ ಹಿಡಿದ ಸುದ್ದಿ ಡೊಂಬಿವಲಿ ತನಕ ಬಂತು. ಯಾವುದನ್ನಾದರೂ ಓದು, ನಿನ್ನಿಷ್ಟ. ಆದರೆ ‘ಬರೀ ಬಾಯಿಪಾಠ’ ಎಂದದ್ದು ದೊಡ್ಡಪ್ಪನ ನಿದ್ದೆ ಕೆಡಿಸಿದೆ.

ಊರು ಬಿಟ್ಟು ಮುಂಬಯಿಗೆ ಬಂದ ಹೊಸತರಲ್ಲಿ ದೊಡ್ಡಪ್ಪ ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದ ಹುಡುಗ. ಮೆಟ್ರಿಕ್ ಆದಮೇಲೆ ಪರೇಲಿನ ಮಿಲ್ಲೊಂದರ ಡೈಯಿಂಗ್ ಖಾತೆಗೆ ಸೇರಿದ. ರಾಸಾಯನಿಕ ಬಂಧಗಳ ಪಾಠ ಆದದ್ದು ಅಲ್ಲಿ, ಬಟ್ಟೆಗೆ ಬಣ್ಣ ಹಾಕುವ ಜಿಗ್ಗರ್ ಯಂತ್ರದ ಮುಂದೆ. ಡೈರೆಕ್ಟ್ ಬಣ್ಣ ಹಾಕಿದ ಹತ್ತಿಬಟ್ಟೆ ಒಗೆದ ಹಾಗೆಲ್ಲ ಬಣ್ಣ ಬಿಡುತ್ತಿತ್ತು. ಅದನ್ನು ಹಿಡಿದಿಟ್ಟದ್ದು ಹೈಡ್ರೋಜನ್ ಬಂಧ, ವಾನ್ ಡರ್ ವಾಲ್ಸ್ ಸೆಳೆತ, ಅಷ್ಟೇ. ಅಂಥ ಹೈಡ್ರೋಜನ್ ಬಂಧ ಬಿಡಿಸಲು ಮೋಲಿಗೆ ಸುಮಾರು 20 ಕಿಲೋಜೂಲ್ ಸಾಕು.

ರಿಯಾಕ್ಟಿವ್ ಬಣ್ಣದ ಗತ್ತೇ ಬೇರೆ. ಬ್ರಿಟನ್ನಿನ ಐಸಿಐ ಕಂಪೆನಿ 1956ರಲ್ಲಿ ಪ್ರೋಸಿಯಾನ್ ಹೆಸರಿನಲ್ಲಿ ಮಾರಾಟಕ್ಕಿಟ್ಟ ಈ ಬಣ್ಣಗಳು ಹತ್ತಿಯ ಸೆಲ್ಯುಲೋಸ್ ಜೊತೆ ಎಲೆಕ್ಟ್ರಾನ್ ಹಂಚಿಕೊಂಡು ಸಹವೇಲೆನ್ಸಿ ಬಂಧ ಕಟ್ಟುತ್ತವೆ. ಕಾರ್ಬನ್–ಆಮ್ಲಜನಕದ ಅಂಥ ಬಂಧ ಮುರಿಯಲು ಸುಮಾರು 350 ಕಿಲೋಜೂಲ್ ಬೇಕು. ಈ ಬಣ್ಣ ಹಾಕುವಾಗ ಮೊದಲು ಉಪ್ಪು ಸುರಿಯಬೇಕು. ನೀರಿನಲ್ಲಿ ನಾರಿಗೂ ಬಣ್ಣಕ್ಕೂ ಋಣ ವಿದ್ಯುದಂಶವಿದ್ದು ಒಂದನ್ನೊಂದು ದೂಡುತ್ತವೆ. ಉಪ್ಪಿನ ಸೋಡಿಯಂ ಅಯಾನುಗಳು ಆ ನೂಕಾಟ ತಗ್ಗಿಸುತ್ತವೆ. ಬಣ್ಣ ನಾರಿನ ಹತ್ತಿರ ಬಂದಮೇಲೆ ಬಂಧ ಕಟ್ಟಿಸಲು ಸೋಡಾ ಆ್ಯಶ್. ಅವಸರ ಮಾಡಿ ಸೋಡಾ ಮೊದಲೇ ಹಾಕಿದರೆ ಒಂದಷ್ಟು ಬಣ್ಣ ನೀರಿನ ಜೊತೆಗೇ ಕೂಡಿಕೊಂಡು ಚರಂಡಿ ಪಾಲು.

ನೈಲಾನಿಗೆ ಆಮ್ಲಬಣ್ಣ ಅಂಟುವುದು ಅಯಾನಿಕ ಬಂಧದಿಂದ, ಪಾಲಿಯೆಸ್ಟರಿಗಾದರೆ 130 ಡಿಗ್ರಿ ಕಾವಿನಲ್ಲಿ ಬಣ್ಣವನ್ನು ಒಳಗೆ ಹೊಗಿಸಬೇಕು – ಇದನ್ನೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ ಡೈಯಿಂಗ್ ಮಾಸ್ಟರು ಓದಿದ್ದು ಮಾಟುಂಗಾದಲ್ಲೇ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿಭಾಗವಾಗಿ ಆ ಸಂಸ್ಥೆ ಹುಟ್ಟಿದಾಗ ಆರಂಭದ ಕೋರ್ಸುಗಳಲ್ಲಿ ಬಟ್ಟೆಯ ರಸಾಯನಶಾಸ್ತ್ರವೂ ಇತ್ತು. ಮಿಲ್ಲುಗಳ ಊರಿಗೆ ಅದು ಬೇಕಿತ್ತು.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮಿಲ್ ಮುಷ್ಕರ ಶುರುವಾಯಿತು. ದೊಡ್ಡಪ್ಪನ ಮಿಲ್ಲು ಮತ್ತೆ ತೆರೆಯಲೇ ಇಲ್ಲ. ಕೆಲಸ ಕೇಳಲು ಹೋದಾಗ ಡೊಂಬಿವಲಿಯ ಕಾರ್ಖಾನೆಯೊಂದರಲ್ಲಿ ಎರಡು ಬಟ್ಟೆ ಚೂರು ಕೊಟ್ಟು, ಯಾವುದು ಡೈರೆಕ್ಟ್, ಯಾವುದು ರಿಯಾಕ್ಟಿವ್ ಎಂದು ಕೇಳಿದರು. ಸೋಪು ನೀರಿನಲ್ಲಿ ಕುದಿಸಿ ನೋಡಿ ಹೇಳಿದ್ದಕ್ಕೆ ಕೆಲಸ ಸಿಕ್ಕಿತು.

ನೀನೋ, ಕೋಚಿಂಗ್ ಕ್ಲಾಸಿನ ನೋಟ್ಸ್ ಉರು ಹೊಡೆದವಳು. ಮೈಮೇಲಿನ ಕುರ್ತಾ ಯಾಕೆ ಬಣ್ಣ ಬಿಡುತ್ತದೆಂದು ಒಮ್ಮೆಯೂ ಕೇಳದೆ ಇಡೀ ಶಾಸ್ತ್ರವನ್ನೇ ತಳ್ಳಿಹಾಕುವುದೇ? ಸೋಮಾರಿತನ ಅದು! ಆ ಶಾಸ್ತ್ರ ಇನ್ನೂ ಬೆಳೆಯುತ್ತಿದೆ: ಹೈಡ್ರೋಜನ್ ಬಂಧಕ್ಕೆ ಹೊಸ ವ್ಯಾಖ್ಯೆ ಬಂದದ್ದೇ 2011ರಲ್ಲಿ. ಅದನ್ನು ರೂಪಿಸಿದ ತಂಡದ ಮುಂದಾಳು ಬೆಂಗಳೂರಿನ ಐಐಎಸ್‌ಸಿಯ ಇ. ಅರುಣನ್, ನಮ್ಮ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿದ ಗೌತಮ್ ದೇಸಿರಾಜು ಕೂಡ ಅದರಲ್ಲಿದ್ದರು.

ದೊಡ್ಡಪ್ಪ ಬೈದನೆಂದು ಮುಖ ಊದಿಸಬೇಡ ಪುಟ್ಟಾ. ಕಂಪ್ಯೂಟರ್ ಕಲಿಯುವುದು ತಪ್ಪಲ್ಲ. ಡೈಯಿಂಗ್ ಖಾತೆಯಲ್ಲೂ ಈಗ ಶೇಡ್ ಹೊಂದಿಸುವುದು ಕಂಪ್ಯೂಟರೇ. ಮಾಟುಂಗಾಕ್ಕೆ ಹೋದರೆ ಎರಡೂ ಕೈಗೆ ಬರುತ್ತವೆ. ಫೀಸು ಕಟ್ಟುವ ಮೊದಲು ಒಂದು ಭಾನುವಾರ ಡೊಂಬಿವಲಿಗೆ ಬಾ. ಹತ್ತಿಬಟ್ಟೆ, ಎರಡೂ ಬಗೆಯ ಬಣ್ಣ, ಉಪ್ಪು, ಸೋಡಾ ತಂದಿಟ್ಟಾಗಿದೆ. ಹಳೇ ಬಟ್ಟೆ ಹಾಕಿಕೊಂಡು ಬಾ.

ಇತಿ,
ನಿನ್ನ ದೊಡ್ಡಪ್ಪ