ಆಸ್ಪತ್ರೆಯ ಪ್ಲಾಸ್ಟಿಕ್: ಖರೀದಿಗೆ ಮುನ್ನ ಅರಿಯಬೇಕಾದದ್ದು

2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್-ಬಿ ಹರಡಿ ಹಲವರು ಮೃತಪಟ್ಟರು. ಬಳಸಿದ ಸಿರಿಂಜುಗಳ ಮರುಬಳಕೆಯೇ ಅದಕ್ಕೆ ಕಾರಣವೆಂದು ಕಂಡುಬಂದಿತು. ಗುಜರಿ ವ್ಯಾಪಾರಿಗಳಿಗೂ ಪ್ಲಾಸ್ಟಿಕ್ ಮರುಸಂಸ್ಕರಣೆಯ ಕಿರು ಉದ್ಯಮಿಗಳಿಗೂ ಇದರಲ್ಲಿ ಪಾಠವಿದೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ತ್ಯಾಜ್ಯವನ್ನು ಅದು ಉತ್ಪತ್ತಿಯಾದ ಸ್ಥಳದಲ್ಲಿಯೇ ನಾಲ್ಕು ಬಣ್ಣಗಳಲ್ಲಿ ವಿಂಗಡಿಸತಕ್ಕದ್ದು:

ಹಳದಿ: ರಕ್ತಸಿಕ್ತ ಹತ್ತಿ, ಬ್ಯಾಂಡೇಜು, ಅವಧಿ ಮೀರಿದ ಔಷಧಿ.
ಕೆಂಪು: ನಳಿಕೆ, ಕೈಗವಸು, ಸೂಜಿ ತೆಗೆದ ಸಿರಿಂಜು.
ಬಿಳಿ: ಸೂಜಿ, ಬ್ಲೇಡು, ಚುಚ್ಚಿದರೂ ತೂತಾಗದ ಡಬ್ಬಿಯಲ್ಲಿ.
ನೀಲಿ: ಗಾಜಿನ ಸೀಸೆ, ಲೋಹದ ಇಂಪ್ಲಾಂಟ್.

ಪ್ಲಾಸ್ಟಿಕ್ ಉದ್ಯಮಕ್ಕೆ ಸಂಬಂಧಿಸಿದ್ದು ಕೆಂಪು ಚೀಲ. ಅದರಲ್ಲಿನ ವಸ್ತುಗಳು ಆಟೋಕ್ಲೇವ್ ಅಥವಾ ಮೈಕ್ರೋವೇವ್ ಮೂಲಕ ಸೋಂಕುರಹಿತವಾಗಿ, ಚೂರುಚೂರಾದ ಬಳಿಕವೇ ನೋಂದಾಯಿತ ಮರುಸಂಸ್ಕರಣಕಾರರನ್ನು ತಲುಪಬೇಕು. ಆದುದರಿಂದ ಸರಕಿನಲ್ಲಿ ಇಡೀ ಸಿರಿಂಜು ಕಂಡುಬಂದರೆ ಅದು ನಿಯಮಾನುಸಾರ ಸಂಸ್ಕರಣೆಯಾಗಿಲ್ಲವೆಂದೇ ತಿಳಿಯಬೇಕು. ಬೆಲೆ ಎಷ್ಟೇ ಅಗ್ಗವಾಗಿದ್ದರೂ ಅದನ್ನು ಕೊಳ್ಳಬಾರದು. ಆರಿಸಲೆಂದು ಕಾರ್ಮಿಕರ ಕೈಗೆ ಕೊಡಲೂಬಾರದು. ಸೂಜಿಯ ಒಂದೇ ಚುಚ್ಚು ಹೆಪಟೈಟಿಸ್‌ಗೂ ಎಚ್.ಐ.ವಿ. ಸೋಂಕಿಗೂ ದಾರಿಯಾಗಬಲ್ಲದು. ಖರೀದಿಸಿದ ಪ್ರತಿಯೊಂದು ಸರಕಿಗೂ ಅದನ್ನು ಕಳುಹಿಸಿದ ಸಂಸ್ಕರಣಾ ಘಟಕದ ದಾಖಲೆಯನ್ನು ಪಡೆದಿಟ್ಟುಕೊಳ್ಳುವುದು ವರ್ತಕರಿಗೆ ಕ್ಷೇಮಕರ.