ಚಂಡಮಾರುತ ನಿಂತಲ್ಲೇ ನಿಂತರೆ



ಉಷ್ಣವಲಯದ ಆವರ್ತ ಮಾರುತದ ಪಾಠ ಮಾಡುವಾಗ ತರಗತಿಯಲ್ಲಿ ಪ್ರತಿ ವರ್ಷ ಒಂದು ಪ್ರಶ್ನೆ ಬರುತ್ತದೆ: "ಸರ್, ಸಮುದ್ರ ಅಷ್ಟು ದೂರ ಇದೆ, ಹಿರೇನಲ್ಲೂರಿಗೂ ಅದಕ್ಕೂ ಏನು ಸಂಬಂಧ?" 2024ರ ಡಿಸೆಂಬರ್ ಮೊದಲ ವಾರವನ್ನು ನೆನಪಿಸಿಕೊಳ್ಳಿ. ರಾಗಿ ಕೊಯ್ಲಿನ ಕಾಲ, ಅಂಗಳದಲ್ಲಿ ಬೇಯಿಸಿದ ಅಡಿಕೆ, ಮೇಲೆ ಮೋಡ. ಅದು ಬಂಗಾಳ ಕೊಲ್ಲಿಯಿಂದ ಬಂದ 'ಫೆಂಗಲ್' ಚಂಡಮಾರುತದ ಬಾಲ.

ಈ ಹೆಸರನ್ನು ಸೂಚಿಸಿದ್ದು ಸೌದಿ ಅರೇಬಿಯಾ. ನಮ್ಮ ಭಾಗದ ಸಮುದ್ರಗಳ ಚಂಡಮಾರುತಗಳಿಗೆ 13 ದೇಶಗಳು ತಲಾ 13 ಹೆಸರು ಕೊಟ್ಟಿವೆ, ಸರದಿಯಂತೆ ಇಡುತ್ತಾರೆ.

ಫೆಂಗಲ್ ಗಾಳಿಯ ಲೆಕ್ಕದಲ್ಲಿ ದೊಡ್ಡದೇನಲ್ಲ. ದಡ ಮುಟ್ಟುವಾಗ ಗಂಟೆಗೆ 70-80 ಕಿ.ಮೀ. ವೇಗ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 62ರಿಂದ 88 ಕಿ.ಮೀ.ವರೆಗಿನದು ಬರೀ 'ಚಂಡಮಾರುತ'. 'ತೀವ್ರ' ಎನ್ನಿಸಿಕೊಳ್ಳುವುದು ಅದರ ಮೇಲೆ. ಆದರೆ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡ ಹತ್ತಿದ ಅದು ಮುಂದೆ ಹೋಗದೆ ಅನೇಕ ಗಂಟೆ ಅಲ್ಲೇ ನಿಂತುಬಿಟ್ಟಿತು. ಮರುದಿನ ಬೆಳಿಗ್ಗೆಯ ಹೊತ್ತಿಗೆ 24 ಗಂಟೆಗಳಲ್ಲಿ ಬಿದ್ದ ಮಳೆ 48 ಸೆಂ.ಮೀ.ಗಿಂತ ಹೆಚ್ಚು. ಅಲ್ಲಿನ ಹಿಂದಿನ ದಾಖಲೆ 2004ರ 21 ಸೆಂ.ಮೀ. ಜನರನ್ನು ಮನೆಗಳಿಂದ ಹೊರತರಲು ಸೈನ್ಯ ಬರಬೇಕಾಯಿತು.

ನಮ್ಮ ಕಡೂರು ತಾಲ್ಲೂಕಿಗೆ ಇಡೀ ವರ್ಷ ಬೀಳುವುದು ಸರಾಸರಿ 60 ಸೆಂ.ಮೀ. ಆಸುಪಾಸು. 30-40ರ ಸೈಟಿನ ಮೇಲೆ 48 ಸೆಂ.ಮೀ. ಮಳೆ ಎಂದರೆ ಸುಮಾರು 53 ಸಾವಿರ ಲೀಟರ್ ನೀರು. ಬೇಸಿಗೆಯಲ್ಲಿ ಬೀದಿಗೆ ಬರುವ ಐದು ಸಾವಿರ ಲೀಟರಿನ ಟ್ಯಾಂಕರ್ ಹತ್ತು ಸಲ ಸುರಿದಂತೆ!

ನಿಂತದ್ದೇಕೆ? ಹೊಳೆಯ ಸುಳಿಯಲ್ಲಿ ಸಿಕ್ಕ ಎಲೆ ನೋಡಿದ್ದೀರಿ. ತಿರುಗುವುದು ಬೇರೆ, ಮುಂದೆ ಸಾಗುವುದು ಬೇರೆ. ಚಂಡಮಾರುತವನ್ನು ಮುಂದೆ ತಳ್ಳುವುದು ಅದರ ಸುತ್ತಲಿನ ಎತ್ತರದ ವಾಯುಪ್ರವಾಹ. ಅದು ದುರ್ಬಲವಾದರೆ, ಅಥವಾ ಎರಡು ಕಡೆಯ ತಳ್ಳಾಟ ಸಮವಾದರೆ, ತಿರುಗುತ್ತಾ ನಿಂತಲ್ಲೇ ನಿಲ್ಲುತ್ತದೆ. ಪಕ್ಕದಲ್ಲೇ ಸಮುದ್ರ, ತೇವಾಂಶಕ್ಕೆ ಬರವಿಲ್ಲ.

ಲೆಕ್ಕ ಸುಲಭ. ಮಳೆಯ ಪಟ್ಟಿ 100 ಕಿ.ಮೀ. ಅಗಲ, ಗಂಟೆಗೆ 2 ಸೆಂ.ಮೀ. ಮಳೆ ಎಂದಿಟ್ಟುಕೊಳ್ಳಿ. ಗಂಟೆಗೆ 20 ಕಿ.ಮೀ. ಸಾಗಿದರೆ ನಿಮ್ಮೂರನ್ನು ದಾಟಲು 5 ಗಂಟೆ: 10 ಸೆಂ.ಮೀ. ಮಳೆ. ಅದೇ 5 ಕಿ.ಮೀ. ವೇಗದಲ್ಲಿ ತೆವಳಿದರೆ 20 ಗಂಟೆ: 40 ಸೆಂ.ಮೀ. ಮಳೆಯ ಬಿರುಸು ಹೆಚ್ಚಲಿಲ್ಲ, ಕೆರೆ ಮಾತ್ರ ಒಡೆಯುವ ಸ್ಥಿತಿಗೆ ಬಂತು.

ಇನ್ನೊಂದು ವಿಷಯ ಪರೀಕ್ಷೆಗೆ ಬರಲಿಕ್ಕಿಲ್ಲ, ಆದರೂ ಗಮನಿಸಿ. ಟಿ.ವಿ.ಯಲ್ಲಿ 'ಚಂಡಮಾರುತ ದುರ್ಬಲ' ಎಂದ ಕೂಡಲೇ ನಾವು ನಿಟ್ಟುಸಿರು ಬಿಡುತ್ತೇವೆ. ದುರ್ಬಲವಾಗುವುದು ಗಾಳಿ, ಮಳೆಯಲ್ಲ. ಫೆಂಗಲ್ ಶಕ್ತಿಗುಂದುತ್ತಾ ಒಳನಾಡಿಗೆ ಸಾಗಿದ ಮೇಲೆಯೇ, ಕರಾವಳಿಯಿಂದ ಬಹುದೂರದ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಒಂದೇ ದಿನ ಸುಮಾರು 50 ಸೆಂ.ಮೀ. ಸುರಿಯಿತು. ತಿರುವಣ್ಣಾಮಲೈಯಲ್ಲಿ ಡಿಸೆಂಬರ್ 1ರಂದು ಗುಡ್ಡ ಕುಸಿದು ಏಳು ಜನ ಸತ್ತರು. ಅವರಲ್ಲಿ ನಿಮಗಿಂತ ಚಿಕ್ಕ ಮಕ್ಕಳೂ ಇದ್ದರು. ಆ ಊರಿನಿಂದಲೂ ಸಮುದ್ರ ಕಾಣುವುದಿಲ್ಲ.

ಹಾಗಾಗಿ ಮುನ್ಸೂಚನೆ ನೋಡುವಾಗ ಹೆಸರು, ಗಾಳಿಯ ವೇಗ ಇಷ್ಟಕ್ಕೇ ನಿಲ್ಲಿಸಬೇಡಿ. ಎಷ್ಟು ವೇಗದಲ್ಲಿ ಸಾಗುತ್ತಿದೆ, ಎಷ್ಟು ಮಿ.ಮೀ. ಮಳೆ ಎಂದಿದ್ದಾರೆ ನೋಡಿ. ದಿನಕ್ಕೆ 64.5 ಮಿ.ಮೀ. ದಾಟಿದರೆ 'ಭಾರಿ', 204.4 ದಾಟಿದರೆ 'ಅತ್ಯಂತ ಭಾರಿ'. ಮನೆಯಲ್ಲಿ ಅಪ್ಪ, ಅಜ್ಜನಿಗೆ ಇದನ್ನು ಓದಿ ಹೇಳುವವರು ನೀವೇ ಆಗಬೇಕು. ಮೊಬೈಲ್ ನಿಮ್ಮ ಕೈಯಲ್ಲೇ ತಾನೇ ಇರುವುದು! ರಾಗಿ ಮೆದೆಗೆ ಟಾರ್ಪಾಲು ಹೊದಿಸುವುದು ಮೊದಲ ಹನಿಗೆ ಮುಂಚೆ ಆಗಬೇಕಾದ ಕೆಲಸ. ಒದ್ದೆ ತೆನೆ ಮೊಳಕೆ ಒಡೆಯುತ್ತದೆ, ಒಣಗದ ಅಡಿಕೆಗೆ ಬೂಷ್ಟು ಹಿಡಿಯುತ್ತದೆ. ಹಳ್ಳ ರಸ್ತೆಯ ಮೇಲೆ ಹರಿಯುತ್ತಿದ್ದರೆ ಬೈಕ್ ಇಳಿಸಬೇಡಿ. ಕಾಲೇಜಿಗೆ ಒಂದು ದಿನ ಬಾರದಿದ್ದರೆ ನಾನೇನೂ ಕೇಳುವುದಿಲ್ಲ.

ಮನೆಕೆಲಸ: ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯೊಂದನ್ನು ಬಯಲಲ್ಲಿಡಿ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ 8.30ಕ್ಕೆ ಸ್ಕೇಲಿನಿಂದ ನೀರಿನ ಎತ್ತರ ಅಳೆದು ಬರೆದಿಡಿ. ಎರಡು ಊರಿನವರ ಪಟ್ಟಿಗಳನ್ನು ಮುಂದಿನ ತಿಂಗಳು ಹೋಲಿಸಿ ನೋಡೋಣ.